ಡೆಬಿಯನ್ 8ರಲ್ಲಿ ಬಿಲ್ಡ್ ಆಗುತ್ತಿದ್ದ ಸಿ ಪ್ರೋಗ್ರಾಂ ಡೆಬಿಯನ್ 13ರಲ್ಲಿ ಆಗುತ್ತಿಲ್ಲ

ಮಳೆಲೆಕ್ಕ

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಕಾಲೇಜೊಂದರ ಸಿವಿಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಗಂಟೆವಾರು ಮಳೆಯ ದಾಖಲೆ ಓದಿಕೊಂಡು ಹಳ್ಳದ ಹರಿವು ಲೆಕ್ಕ ಹಾಕುವ ಒಂದು ಸಿ ಪ್ರೋಗ್ರಾಂ ನಮ್ಮ ಲ್ಯಾಬಿನಲ್ಲಿದೆ. ಈಗ ನಿವೃತ್ತರಾಗಿರುವ ನಮ್ಮ ಮೇಷ್ಟ್ರು 1990ರ ದಶಕದಲ್ಲಿ ಬರೆದದ್ದು. ಇಷ್ಟು ದಿನ ಡೆಬಿಯನ್ ಲಿನಕ್ಸ್‌ನ 8ನೇ ಆವೃತ್ತಿ ಇದ್ದ ಒಂದೇ ಯಂತ್ರದಲ್ಲಿ ಓಡಿಸುತ್ತಿದ್ದೆವು. ಆ ಯಂತ್ರದ ಡಿಸ್ಕ್ ಈಗ ಸದ್ದು ಮಾಡತೊಡಗಿದೆ, ಹೆಚ್ಚು ದಿನ ನಂಬುವಂತಿಲ್ಲ.

ಹೊಸ ಸರ್ವರ್‌ಗೆ ಡೆಬಿಯನ್ 13 ಹಾಕಿ ಸೋರ್ಸ್ ನಕಲು ಮಾಡಿದೆ. ಬಿಲ್ಡ್‌ಗೆ ತಯಾರಿ ಮಾಡುವ ಕಾನ್ಫಿಗರ್ ಸ್ಕ್ರಿಪ್ಟ್ ತಕರಾರಿಲ್ಲದೆ ಮುಗಿಯುತ್ತದೆ. ಆಮೇಲೆ ಕಂಪೈಲ್ ಮಾಡಿಸುವ ಮೇಕ್ -ಜೆ8 ಕೊಟ್ಟರೆ ಪರದೆ ತುಂಬ ಎರರ್ ಹರಿದು ಹೋಗಿ ಕೊನೆಗೆ ಉಳಿಯುವುದು ಇಷ್ಟು:

ಮೇಕ್[1]: * ವೇಟಿಂಗ್ ಫಾರ್ ಅನ್‌ಫಿನಿಶ್ಡ್ ಜಾಬ್ಸ್....
ಮೇಕ್: * ಎರರ್ 2

ಸಂಬಂಧ ಇದೆಯೋ ಇಲ್ಲವೋ, ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಈ ಪ್ರೋಗ್ರಾಂಗೆ ಒಂದು ವರ್ಷಕ್ಕಿಂತ ಹೆಚ್ಚಿನ ದಾಖಲೆಯನ್ನು ಒಟ್ಟಿಗೆ ಕೊಡಬಾರದು ಎಂಬ ರೂಢಿ ಲ್ಯಾಬಿನಲ್ಲಿದೆ. ಕೊಟ್ಟರೆ ಕ್ರ್ಯಾಶ್ ಆಗುತ್ತದೆ. ಅದಕ್ಕೇ ಎಲ್ಲ ಫೈಲುಗಳನ್ನೂ ವರ್ಷವರ್ಷಕ್ಕೆ ಕತ್ತರಿಸಿ ಇಟ್ಟಿದ್ದೇವೆ.

ತುಂಗಭದ್ರಾ

ಸರ್, ನೀವು ಹಾಕಿರುವ ಸಾಲುಗಳು ಮೇಕ್‌ನವು, ಕಂಪೈಲರ್‌ನವಲ್ಲ. “ನಾನು ಕರೆದ ಕಮ್ಯಾಂಡ್ ಸೋತು ವಾಪಸು ಬಂತು” ಎಂದಷ್ಟೇ ಮೇಕ್ ಹೇಳುತ್ತಿದೆ. ಯಾಕೆ ಸೋತಿತು ಎಂಬುದು ಎಷ್ಟೋ ಸಾಲು ಮೇಲಿರುತ್ತದೆ. -ಜೆ8 ಕೊಟ್ಟಾಗ ಎಂಟು ಕಂಪೈಲರ್‌ಗಳ ಮಾತು ಒಂದರೊಳಗೊಂದು ಬೆರೆತುಹೋಗುವುದರಿಂದ ಮೊದಲ ಎರರ್ ಯಾವುದು ಎಂದು ಹುಡುಕುವುದೇ ಕಷ್ಟ. ಹೀಗೆ ಮಾಡಿ:

ಮೇಕ್ ಕ್ಲೀನ್
ಎಲ್‌ಸಿ_ಆಲ್=ಸಿ ಮೇಕ್ -ಜೆ1 2>&1 | ಟೀ ಬಿಲ್ಡ್.ಲಾಗ್

ಎಲ್‌ಸಿ_ಆಲ್=ಸಿ ಹಾಕಿದರೆ ಸಂದೇಶಗಳು ಮೂಲ ಇಂಗ್ಲಿಷಿನಲ್ಲೇ ಬರುತ್ತವೆ, ಬೇರೆಯವರು ಕೇಳಿದ ಪ್ರಶ್ನೆಗಳ ಜೊತೆ ಹೊಂದಿಸಿ ನೋಡಬಹುದು. ಬಿಲ್ಡ್.ಲಾಗ್ ತೆರೆದು ಮೇಲಿನಿಂದ ಕೆಳಗೆ “ಎರರ್:” ಎಂದು ಹುಡುಕಿ. ಮೊದಲು ಸಿಕ್ಕಿದ್ದನ್ನು ಮಾತ್ರ ಇಲ್ಲಿ ಹಾಕಿ. ಉಳಿದವುಗಳಲ್ಲಿ ಎಷ್ಟೋ ಆ ಮೊದಲನೆಯದರ ಮರಿಗಳು.

ಹಳೆಯ ಯಂತ್ರವನ್ನು ದಯವಿಟ್ಟು ಈಗಲೇ ಒರೆಸಬೇಡಿ. ಅದರಲ್ಲಿ ಕಾನ್ಫಿಗರ್ ಬರೆದಿಟ್ಟಿರುವ ಕಾನ್ಫಿಗ್.ಲಾಗ್, ಕಾನ್ಫಿಗ್.ಎಚ್ ಮತ್ತು ಓಡುವ ಬೈನರಿ, ಈ ಮೂರನ್ನೂ ಇವತ್ತೇ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ.

ಬಯಲುಸೀಮೆ

ಅಷ್ಟೆಲ್ಲ ಬೇಡ ಸರ್. 1990ರ ದಶಕದ ಕೋಡ್, ಹೊಸ ಕಂಪೈಲರ್ ಜಿಸಿಸಿ 14. ಏನು ಬಂದಿರುತ್ತದೆ ಎಂದು ನೋಡದೆಯೇ ಹೇಳಬಹುದು. ಇದನ್ನು ಕೊಡಿ:

ಸಿಫ್ಲ್ಯಾಗ್ಸ್="-ಜಿ -ಒ2 -ಎಸ್‌ಟಿಡಿ=ಗ್ನೂ89 -ಎಫ್‌ಕಾಮನ್" ./ಕಾನ್ಫಿಗರ್
ಮೇಕ್

ಗ್ನೂ89 ಎಂದರೆ ಹಳೆಯ ಸಿ ನಿಯಮಗಳಿಗೆ ಹಿಂತಿರುಗು ಎಂದರ್ಥ. ಆಗ ಜಿಸಿಸಿ 14ರ ಹೊಸ ಎರರ್‌ಗಳೆಲ್ಲ ಇನ್ನು ಬಿಲ್ಡ್ ನಿಲ್ಲಿಸುವುದಿಲ್ಲ. ನಾನು ನೋಡಿಕೊಳ್ಳುವ ಸರ್ವರ್‌ಗಳಲ್ಲಿ ಇಂಥ ಹಳೆಯ ಸರಕು ಬೇಕಾದಷ್ಟಿದೆ, ಎಲ್ಲದಕ್ಕೂ ಇದೇ ಎರಡು ಫ್ಲ್ಯಾಗ್.

ಮಳೆಲೆಕ್ಕ

ಇಬ್ಬರಿಗೂ ಧನ್ಯವಾದ. ತುಂಗಭದ್ರಾ ಮೇಡಂ ಹೇಳಿದಂತೆ ಲಾಗ್ ತೆಗೆದೆ. ಮೊದಲ ಎರರ್:

ರೀಡ್.ಸಿ:41: ಎರರ್: ಇಂಪ್ಲಿಸಿಟ್ ಡಿಕ್ಲರೇಶನ್ ಆಫ್ ಫಂಕ್ಷನ್ ‘ಅವರ್‌ಬಫ್’

41ನೇ ಸಾಲು ಇದು:

ಬಫ್ = (ಡಬಲ್ *) ಅವರ್‌ಬಫ್(ಎನ್);

ಬಯಲುಸೀಮೆ ಅವರು ಕೊಟ್ಟ ಫ್ಲ್ಯಾಗ್ ಹಾಕಿದರೆ ಬಿಲ್ಡ್ ಪೂರ್ತಿ ಆಗುತ್ತದೆ. ಆದರೆ ಓಡಿಸಿದ ಕೂಡಲೇ ಸೆಗ್ಮೆಂಟೇಶನ್ ಫಾಲ್ಟ್ ಎಂದು ಕ್ರ್ಯಾಶ್. ಹಳೆಯ ಯಂತ್ರದಲ್ಲಿ ಒಂದು ವರ್ಷದ ಫೈಲ್ ಆದರೂ ಓಡುತ್ತಿತ್ತು, ಇಲ್ಲಿ ಅದೂ ಇಲ್ಲ.

ಬಯಲುಸೀಮೆ

ಹಾಗಾದರೆ ಇನ್ನೊಂದು ಫ್ಲ್ಯಾಗ್. ಸಿಫ್ಲ್ಯಾಗ್ಸ್‌ಗೆ -ಎಫ್‌ನೋ-ಪೈ ಸೇರಿಸಿ, ಎಲ್‌ಡಿಫ್ಲ್ಯಾಗ್ಸ್‌ಗೆ -ನೋ-ಪೈ. ಡೆಬಿಯನ್ 9ರಿಂದ ಪೈ, ಅಂದರೆ ಮೆಮೊರಿಯ ಯಾವ ವಿಳಾಸದಲ್ಲಾದರೂ ಕೂರಬಲ್ಲ ಬೈನರಿ, ಡೀಫಾಲ್ಟ್ ಆಗಿದೆ. ನಿಮ್ಮ ಹಳೆಯ ಬೈನರಿ ಅದಕ್ಕಿಂತ ಮುಂಚಿನದು.

ಮಳೆಲೆಕ್ಕ

ಓಡಿತು! ಒಂದು ವರ್ಷದ ಫೈಲ್ ಕೊಟ್ಟೆ, ಹಳೆಯ ಯಂತ್ರದ ಉತ್ತರವೇ ಬಂತು. ಇದನ್ನು ಮುಗಿದ ಕೆಲಸ ಎಂದುಕೊಳ್ಳಬಹುದೇ?

ತುಂಗಭದ್ರಾ

ದಯವಿಟ್ಟು ಬೇಡ ಸರ್. ಎರಡು ವರ್ಷದ ದಾಖಲೆ ಜೋಡಿಸಿ ಇದೇ ಬೈನರಿಗೆ ಕೊಟ್ಟು ನೋಡಿ. ಬೀಳುತ್ತದೆ ಎಂದು ಈಗಲೇ ಹೇಳುತ್ತೇನೆ. ಯಾಕೆ ಎಂದು ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಅವರ್‌ಬಫ್ ಬೇರೆ ಯಾವುದೋ ಫೈಲಿನಲ್ಲಿರಬೇಕು. ಅದು ಒಳಗೆ ಮ್ಯಾಲಾಕ್ ಮಾಡಿ (ಮೆಮೊರಿ ಕೇಳಿ ಪಡೆದು) ಪಾಯಿಂಟರ್, ಅಂದರೆ ಆ ಮೆಮೊರಿಯ ವಿಳಾಸ, ಹಿಂತಿರುಗಿಸುತ್ತದೆ ಎಂದು ಸಾಲು ನೋಡಿದರೇ ತಿಳಿಯುತ್ತದೆ. ಆದರೆ ರೀಡ್.ಸಿಗೆ ಅದರ ಪ್ರೊಟೋಟೈಪ್ (ಏನು ತೆಗೆದುಕೊಂಡು ಏನು ಹಿಂತಿರುಗಿಸುತ್ತದೆ ಎಂಬ ಘೋಷಣೆ) ಎಲ್ಲೂ ಕಂಡಿಲ್ಲ. ಹಳೆಯ ಸಿ ನಿಯಮದಲ್ಲಿ, ಪರಿಚಯವಿಲ್ಲದ ಫಂಕ್ಷನ್ ಕಂಡರೆ ಅದು ಇಂಟ್ ಕೊಡುತ್ತದೆ ಎಂದು ಕಂಪೈಲರ್ ತಾನೇ ಊಹಿಸಿಕೊಳ್ಳುತ್ತಿತ್ತು. 32 ಬಿಟ್ ಯಂತ್ರದಲ್ಲಿ ಇಂಟ್ ಕೂಡ 32, ಪಾಯಿಂಟರ್ ಕೂಡ 32, ಹಾಗಾಗಿ ಮೇಷ್ಟ್ರು ಬರೆದಾಗ ಇದರಿಂದ ಏನೂ ಕೆಡಲಿಲ್ಲ. 64 ಬಿಟ್ ಯಂತ್ರದಲ್ಲಿ ಪಾಯಿಂಟರ್ 64 ಬಿಟ್, ಇಂಟ್ ಇನ್ನೂ 32. ಕರೆದ ಕಡೆಯವರು ಕೆಳಗಿನ 32 ಬಿಟ್ ಮಾತ್ರ ತೆಗೆದುಕೊಂಡು ಮೇಲಿನರ್ಧ ಬಿಟ್ಟುಬಿಡುತ್ತಾರೆ. ಪೂರ್ತಿ ವಿಳಾಸ ಹೇಳಿದರೆ ಮನೆ ನಂಬರ್ ಮಾತ್ರ ಬರೆದುಕೊಂಡು ಊರ ಹೆಸರು ಬಿಟ್ಟ ಹಾಗೆ. ಅದರ ಮುಂದಿರುವ (ಡಬಲ್ *) ಎಂಬ ಕಾಸ್ಟ್ ಹೋದದ್ದನ್ನು ವಾಪಸು ತರುವುದಿಲ್ಲ.

ಹಾಗಿದ್ದರೂ ಒಂದು ವರ್ಷದ ಫೈಲ್ ಯಾಕೆ ಓಡುತ್ತಿತ್ತು? ಪೈ ಇಲ್ಲದ ಬೈನರಿಯಲ್ಲಿ ಹೀಪ್ (ಮ್ಯಾಲಾಕ್ ಮೆಮೊರಿ ತೆಗೆದುಕೊಡುವ ಜಾಗ) ಶುರುವಾಗುವುದು ತುಂಬ ಕೆಳಗಿನ ವಿಳಾಸದಿಂದ. ಅಲ್ಲಿಂದ ಸಿಗುವ ಪಾಯಿಂಟರ್‌ನ ಮೇಲಿನ 32 ಬಿಟ್ ಹೇಗೂ ಸೊನ್ನೆ, ಕತ್ತರಿಸಿದರೂ ನಷ್ಟವಿಲ್ಲ. ಪೈ ಇದ್ದರೆ ಹೀಪ್ ಎಲ್ಲೋ ಎತ್ತರದಲ್ಲಿ ಕೂರುತ್ತದೆ, ಮೊದಲ ಮ್ಯಾಲಾಕ್‌ನಲ್ಲೇ ಬೀಳುತ್ತದೆ. -ನೋ-ಪೈ ಕೊಟ್ಟಾಗ ಓಡಿದ್ದು ಇದರಿಂದ.

ಇನ್ನು ನಿಮ್ಮ ಲ್ಯಾಬಿನ ರೂಢಿ. ಗಂಟೆಗೊಂದು ಡಬಲ್ ಎಂದರೆ ವರ್ಷಕ್ಕೆ 8760 ಸಂಖ್ಯೆ, ತಲಾ 8 ಬೈಟ್, ಒಟ್ಟು 70,080 ಬೈಟ್. ಎರಡು ವರ್ಷಕ್ಕೆ 1,40,160. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಮ್ಯಾಲಾಕ್‌ಗೆ ಒಂದು ಗಡಿ ಇದೆ, ಮೊದಲಿಗೆ 128 ಕೆಬಿ, ಅಂದರೆ 1,31,072 ಬೈಟ್. ಅದರೊಳಗಿನ ಕೋರಿಕೆ ಹೀಪ್‌ನಿಂದ ಹೋಗುತ್ತದೆ. ಅದನ್ನು ದಾಟಿದ್ದು ಎಂಮ್ಯಾಪ್ ಮೂಲಕ ಬೇರೆ ಜಾಗದಿಂದ ಬರುತ್ತದೆ, ಆ ಜಾಗದ ವಿಳಾಸ 32 ಬಿಟ್‌ನಲ್ಲಿ ಹಿಡಿಸುವುದಿಲ್ಲ. ಒಂದು ವರ್ಷ ಗಡಿಯ ಒಳಗೆ, ಎರಡು ವರ್ಷ ಗಡಿಯ ಹೊರಗೆ. ನೀವು ಫೈಲ್ ಕತ್ತರಿಸುತ್ತಾ ಬಂದಿರುವುದು ಈ ಒಂದು ಕಾಣೆಯಾದ ಪ್ರೊಟೋಟೈಪ್‌ಗಾಗಿ.

ಮಳೆಲೆಕ್ಕ

ಮೇಡಂ, ಓದಿದ ತಕ್ಷಣ ಎರಡು ವರ್ಷದ ಫೈಲ್ ಜೋಡಿಸಿ ಜಿಡಿಬಿ ಡೀಬಗ್ಗರ್‌ನಲ್ಲಿ ಓಡಿಸಿದೆ. ನೀವು ಹೇಳಿದ್ದು ಅಕ್ಷರಶಃ ಸರಿ. ಅವರ್‌ಬಫ್ ಒಳಗೆ, ರಿಟರ್ನ್ ಆಗುವ ಮುಂಚೆ ಪಾಯಿಂಟರ್:

7ಎಫ್32 1950 4010

ಹೊರಗೆ ಬಂದು ಬಫ್ ನೋಡಿದರೆ:

1950 4010

ಮೇಲಿನ ತುಂಡು ಮಾಯ. ಅವರ್‌ಬಫ್ ಇರುವುದು ಮೆಮ್.ಸಿಯಲ್ಲಿ. ಅದರ ಪ್ರೊಟೋಟೈಪನ್ನು ಮಳೆ.ಎಚ್‌ಗೆ ಸೇರಿಸಿದೆ. ಒಂದೇ ಸಾಲು. -ನೋ-ಪೈ ತೆಗೆದೆ, ಗ್ನೂ89 ತೆಗೆದೆ. ಎರಡು ವರ್ಷದ ಫೈಲ್ ಓಡಿತು. ಆಮೇಲೆ ಹತ್ತು ವರ್ಷದ್ದನ್ನೂ ಕೊಟ್ಟೆ, ಅದೂ ಓಡಿತು. ಲ್ಯಾಬ್ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುವ ಸೂಚನೆಯನ್ನು ಇನ್ನು ತೆಗೆಯಬಹುದು. ಮೇಷ್ಟ್ರಿಗೂ ಫೋನ್ ಮಾಡಿ ಹೇಳಿದೆ, ತುಂಬ ಖುಷಿಪಟ್ಟರು.

ಬಯಲುಸೀಮೆ

ವಿವರಣೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೂ ನನ್ನ ಕಡೆಯ ಮಾತನ್ನೂ ಹೇಳಬೇಕು. ಎಲ್ಲರ ಬಳಿಯೂ ಸೋರ್ಸ್ ತಿದ್ದುವ ಸಮಯ ಇರುವುದಿಲ್ಲ. ಬೆಳಗ್ಗೆ ಹತ್ತು ಗಂಟೆಗೆ ಸೇವೆ ಎದ್ದು ನಿಲ್ಲಬೇಕು ಎಂದಾಗ ಫ್ಲ್ಯಾಗ್ ಕೊಟ್ಟು ಎಬ್ಬಿಸುವುದೇ ದಾರಿ. ಹಳೆಯ ಬೈನರಿ ಏನು ಉತ್ತರ ಕೊಡುತ್ತಿತ್ತು ಎಂದು ಹೊಸ ಯಂತ್ರದಲ್ಲೇ ನೋಡಿ ಹೋಲಿಸಲಿಕ್ಕೂ ಹಳೆಯ ನಡತೆಯ ಬಿಲ್ಡ್ ಬೇಕಾಗುತ್ತದೆ.

ತುಂಗಭದ್ರಾ

ಹೋಲಿಸಲಿಕ್ಕೆ ಬೇಕು ಎನ್ನುವುದು ಸರಿಯಾದ ಮಾತು. ಫ್ಲ್ಯಾಗ್ ಹಾಕಿದ ಬಿಲ್ಡ್ ಒಂದು ಡೈರೆಕ್ಟರಿಯಲ್ಲಿ, ತಿದ್ದಿದ ಬಿಲ್ಡ್ ಇನ್ನೊಂದರಲ್ಲಿ ಇರಲಿ. ಒಂದೇ ಇನ್‌ಪುಟ್ ಕೊಟ್ಟು ಔಟ್‌ಪುಟ್‌ಗಳನ್ನು ಡಿಫ್ ಮಾಡಿ. ಆದರೆ ಫ್ಲ್ಯಾಗ್ ಹಾಕಿದ್ದನ್ನೇ ಕೆಲಸಕ್ಕೆ ಬಿಡುವುದಾದರೆ ಕನಿಷ್ಠ ವಾರ್ನಿಂಗ್‌ಗಳನ್ನಾದರೂ ಓದಿ. “ಕಾಸ್ಟ್ ಟು ಪಾಯಿಂಟರ್ ಫ್ರಮ್ ಇಂಟಿಜರ್ ಆಫ್ ಡಿಫರೆಂಟ್ ಸೈಜ್” ಎಂದು ಎಲ್ಲಾದರೂ ಕಂಡರೆ ಆ ಬೈನರಿಯನ್ನು ನಂಬುವಂತಿಲ್ಲ. ಈ ಪ್ರೋಗ್ರಾಂನ 41ನೇ ಸಾಲಿಗೆ ಡೆಬಿಯನ್ 8ರ ಜಿಸಿಸಿ 4.9 ಕೂಡ ಈ ವಾರ್ನಿಂಗ್ ಕೊಟ್ಟಿರುತ್ತದೆ.

ಪರಿಚಯವಿಲ್ಲದ ಫಂಕ್ಷನ್ ಇಂಟ್ ಕೊಡುತ್ತದೆ ಎಂದು ಊಹಿಸುವ ಸೌಲಭ್ಯವನ್ನು ಸಿ ಭಾಷೆಯಿಂದ ತೆಗೆದದ್ದು ಸಿ99ರಲ್ಲಿ, ಅಂದರೆ 1999ರಲ್ಲಿ. ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್ ಅದನ್ನು ಎರರ್ ಮಾಡಿದ್ದು 2023ರ ಮಾರ್ಚ್‌ನಲ್ಲಿ ಬಂದ 16ನೇ ಆವೃತ್ತಿಯಲ್ಲಿ, ಜಿಸಿಸಿ 2024ರ ಮೇ ತಿಂಗಳಿನ 14ನೇ ಆವೃತ್ತಿಯಲ್ಲಿ. ಹೊಸ ಕಂಪೈಲರ್ ಹಳೆಯ ಕೋಡ್ ಮುರಿಯಿತು ಎಂದು ಬಹಳ ಜನ ಬೇಜಾರು ಮಾಡಿಕೊಂಡರು. ಕೋಡ್ ಮೊದಲೇ ಮುರಿದಿತ್ತು, ಈ ಥ್ರೆಡ್‌ನಲ್ಲೇ ಅದಕ್ಕೆ ಸಾಕ್ಷಿ ಸಿಕ್ಕಿದೆ.

ಧಾರವಾಡಿ

ಎಲ್ಲಾರಿಗೂ ನಮಸ್ಕಾರ್ರಿ. ಸರ್, ನೀವು ಗ್ನೂ89 ತಗದ್ರಿ, -ಎಫ್‌ಕಾಮನ್ ತಗದೀರೇನು? ಅದನ್ನ ತಗದ್ರ ಲಿಂಕರ್ “ಮಲ್ಟಿಪಲ್ ಡೆಫಿನಿಶನ್ ಆಫ್” ಅಂತ ಒದರತೈತಿ ನೋಡ್ರಿ.

ಮಳೆಲೆಕ್ಕ

ಹೌದು, ತೆಗೆದು ನೋಡಿದೆ. ಎನ್‌ಸ್ಟೇಷನ್ಸ್, ಡೀಬಗ್, ಕ್ಯಾಚ್‌ಏರಿಯಾ ಎಂಬ ಮೂರು ಹೆಸರಿಗೆ ಪ್ರತಿ .ಒ ಫೈಲಿನ ಮೇಲೂ ಅದೇ ದೂರು. ಮೂರೂ ಮಳೆ.ಎಚ್‌ನಲ್ಲಿವೆ: ಇಂಟ್ ಎನ್‌ಸ್ಟೇಷನ್ಸ್, ಹೀಗೆ.

ಧಾರವಾಡಿ

ಅದ ರೀ ಕಾರಣ. ಹೆಡರ್‌ನ್ಯಾಗ ಎಕ್ಸ್‌ಟರ್ನ್ ಇಲ್ದ ಹಂಗ ಬರದ್ರ, ಆ ಹೆಡರ್ ಸೇರಿಸಿಕೊಂಡ ಪ್ರತಿ .ಸಿ ಫೈಲೂ ತನ್ನದೊಂದು ಎನ್‌ಸ್ಟೇಷನ್ಸ್ ಹುಟ್ಟಿಸತೈತಿ. ಮೊದಲ ಜಿಸಿಸಿ ಅವನ್ನೆಲ್ಲಾ “ಕಾಮನ್” ಅಂತ ಗುರ್ತು ಹಾಕಿ ಬಿಡತಿತ್ತು, ಲಿಂಕರ್ ಎಲ್ಲಾ ಸೇರಿಸಿ ಒಂದು ಮಾಡತಿತ್ತು. 2020ರ ಮೇದಾಗ ಬಂದ ಜಿಸಿಸಿ 10ರಿಂದ -ಎಫ್‌ನೋ-ಕಾಮನ್ ಡೀಫಾಲ್ಟ್ ಆತು. ಅವತ್ತಿನಿಂದ ಒಂದು ಹೆಸರಿಗೆ ಒಂದ ಡೆಫಿನಿಶನ್.

ಸರಿ ಮಾಡೂದು ಸರಳ ಐತಿ. ಹೆಡರ್‌ನ್ಯಾಗ ಮೂರಕ್ಕೂ ಎಕ್ಸ್‌ಟರ್ನ್ ಹಚ್ಚರಿ. ಮೇನ್.ಸಿ ಒಳಗ ಎಕ್ಸ್‌ಟರ್ನ್ ಇಲ್ದ ಒಮ್ಮೆ ಬರೀರಿ. ಆದ್ರ ಹಂಗ ಮಾಡೂಕಿಂತ ಮೊದಲ ಒಂದು ಕೆಲಸ ಮಾಡ್ರಿ. -ಎಫ್‌ಕಾಮನ್ ಇಟ್ಟುಕೊಂಡ, ಎಲ್‌ಡಿಫ್ಲ್ಯಾಗ್ಸ್‌ಗೆ -ಡಬ್ಲ್ಯುಎಲ್,--ವಾರ್ನ್-ಕಾಮನ್ ಹಾಕಿ ಲಿಂಕ್ ಮಾಡ್ರಿ. ಒಂದ ಹೆಸರಿಗೆ ಒಂದು ಫೈಲಿನ್ಯಾಗ ಫ್ಲೋಟ್, ಇನ್ನೊಂದ್ರಾಗ ಡಬಲ್ ಅಂತ ಯಾರರ ಬರದಿದ್ರ, ಲಿಂಕರ್ ದೊಡ್ಡದನ್ನ ಇಟ್ಟುಕೊಂಡು ಸುಮ್ಮನಾಗತೈತಿ, ನಿಮ್ಮ ಲೆಕ್ಕ ಮಾತ್ರ ಹಾಳಾಗತೈತಿ. ಸೈಜ್ ಬ್ಯಾರೆ ಬ್ಯಾರೆ ಐತೇನು ಅಂತ ಈ ವಾರ್ನಿಂಗ್‌ನ್ಯಾಗ ಕಾಣತೈತಿ. ಹರಿವಿನ ಲೆಕ್ಕದಾಗ ಕ್ಯಾಚ್‌ಏರಿಯಾ ತಪ್ಪಿದ್ರ ಎಲ್ಲಾ ತಪ್ಪಿದಂಗ.

ಮಳೆಲೆಕ್ಕ

ನೋಡಿದೆ. ಮೂರಕ್ಕೂ ಎಲ್ಲ ಕಡೆ ಒಂದೇ ಸೈಜ್. ಎಕ್ಸ್‌ಟರ್ನ್ ಹಚ್ಚಿದೆ, ಈಗ ಒಂದೂ ವಿಶೇಷ ಫ್ಲ್ಯಾಗ್ ಇಲ್ಲದೆ ಬಿಲ್ಡ್ ಆಗುತ್ತಿದೆ.

ಎಂಟನೇಸೆಮ್

ನಾನು ಸರ್ ಅವರ ವಿದ್ಯಾರ್ಥಿ. ಇದೇ ಪ್ರಾಜೆಕ್ಟಿನ ಇನ್ನೊಂದು ಭಾಗ ನನ್ನದು. ತಾಲ್ಲೂಕು ಕಚೇರಿಯ ಹಳೆಯ ಮಳೆ ರಿಜಿಸ್ಟರ್‌ಗಳಲ್ಲಿ ಅಚ್ಚಾದ ಕನ್ನಡ ಶೀರ್ಷಿಕೆಗಳನ್ನು ಓದಿಸಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ನಲ್ಲಿ ಅಕ್ಷರ ಗುರುತಿಸುವ ಟೆಸೆರಾಕ್ಟ್ ಬಿಲ್ಡ್ ಮಾಡುತ್ತಿದ್ದೇನೆ. 1 ಜಿಬಿ ರ‍್ಯಾಮ್. ಮೇಕ್ -ಜೆ4 ಕೊಟ್ಟರೆ ಪ್ರತಿ ಸಲ ಬೇರೆ ಬೇರೆ ಫೈಲಿನಲ್ಲಿ ನಿಲ್ಲುತ್ತದೆ:

ಫೇಟಲ್ ಎರರ್: ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಂ ಸಿಸಿ1ಪ್ಲಸ್

ಕಂಪೈಲರ್‌ನಲ್ಲೇ ಬಗ್ ಇದೆಯಾ?

ಕಡಲತೀರ

ಕಂಪೈಲರ್ ಬಗ್ ಅಲ್ಲ ಮಾರಾಯ್ರೆ, ಮೆಮೊರಿ ಸಾಲುವುದಿಲ್ಲ. ಸಿ++ ಕಂಪೈಲರ್ ಒಂದೊಂದು ಫೈಲಿಗೆ ನೂರಾರು ಎಂಬಿ ತಿನ್ನುವುದುಂಟು, ನಾಲ್ಕು ಒಟ್ಟಿಗೆ ಓಡಿದರೆ 1 ಜಿಬಿ ಎಲ್ಲಿಗೆ ಸಾಕು? ಕರ್ನಲ್ ಬಂದು ಒಂದನ್ನು ಕೊಲ್ಲುತ್ತದೆ. ಡಿಮೆಸೆಜ್ ಕೊಟ್ಟು ನೋಡಿ, “ಔಟ್ ಆಫ್ ಮೆಮೊರಿ” ಅಂತ ಸಾಲು ಇರ್ತದೆ. ಪ್ರತಿ ಸಲ ಬೇರೆ ಬೇರೆ ಫೈಲಿನಲ್ಲಿ ನಿಲ್ಲುವುದೇ ಇದಕ್ಕೆ ಗುರುತು. ನಿಜವಾದ ಕೋಡ್ ಎರರ್ ಆದರೆ ಯಾವಾಗಲೂ ಅದೇ ಸಾಲಿನಲ್ಲಿ ನಿಲ್ತದೆ. -ಜೆ1 ಕೊಡಿ, ಸ್ವಾಪ್ ಸ್ವಲ್ಪ ಹೆಚ್ಚಿಸಿ, ನಿಧಾನ ಆದರೂ ಆಗ್ತದೆ.

ಮತ್ತೆ ಒಂದು ವಿಷಯ. ನಿಮಗೆ ಟೆಸೆರಾಕ್ಟ್ ತಿದ್ದಲಿಕ್ಕೆ ಉಂಟಾ? ಇಲ್ಲದಿದ್ದರೆ ಬಿಲ್ಡ್ ಯಾಕೆ ಮಾಡುವುದು? ಡೆಬಿಯನ್‌ನಲ್ಲಿ ಟೆಸೆರಾಕ್ಟ್-ಒಸಿಆರ್ ಮತ್ತು ಟೆಸೆರಾಕ್ಟ್-ಒಸಿಆರ್-ಕೆಎಎನ್ ಅಂತ ಪ್ಯಾಕೇಜ್ ಉಂಟು, ಎರಡನೆಯದು ಕನ್ನಡದ ಡೇಟಾ. ಆಪ್ಟ್‌ನಿಂದ ಹಾಕಿಕೊಂಡರೆ ಮುಗೀತು.

ಸರ್, ನಿಮ್ಮ ಪ್ರೋಗ್ರಾಂ ನಾನು ಫ್ರೀಬಿಎಸ್‌ಡಿ ಅಂತ ಬೇರೆ ಆಪರೇಟಿಂಗ್ ಸಿಸ್ಟಂನಲ್ಲಿ ಬಿಲ್ಡ್ ಮಾಡಿ ನೋಡ್ತೇನೆ, ಸೋರ್ಸ್ ಹಾಕಿ. ಅಲ್ಲಿ ಕಂಪೈಲರ್ ಕ್ಲ್ಯಾಂಗ್, ಲಿಬ್‌ಸಿ ಬೇರೆ, ಮೇಕ್ ಬೇರೆ. ಬೇರೆ ನೆಲದಲ್ಲಿ ಬಿಲ್ಡ್ ಮಾಡಿದರೆ ಅಡಗಿಕೊಂಡದ್ದೆಲ್ಲ ಹೊರಗೆ ಬರ್ತದೆ.

ಎಂಟನೇಸೆಮ್

ಪ್ಯಾಕೇಜೇ ಸಾಕಾಯಿತು. ಬಹಳ ಧನ್ಯವಾದ.

ಮಳೆಲೆಕ್ಕ

ಸೋರ್ಸ್ ಹಾಕಿದ್ದೇನೆ, ಮೇಷ್ಟ್ರ ಅನುಮತಿ ಕೇಳಿಯೇ. ಈಗ ಬೇರೊಂದು ತೊಂದರೆ. ಹೊಸ ನಿಲ್ದಾಣಗಳ ದಾಖಲೆ ಪಠ್ಯ ಫೈಲಿನಲ್ಲಿದೆ, ಅದು ಸರಿಯಾಗಿ ಓದುತ್ತದೆ. 2005ಕ್ಕಿಂತ ಹಿಂದಿನ ನಿಲ್ದಾಣಗಳದ್ದು ಎಕ್ಸ್‌ಡಿಆರ್ (ಯಾವ ಯಂತ್ರದಲ್ಲೂ ಒಂದೇ ರೀತಿ ಓದಬಹುದಾದ ದತ್ತಾಂಶ ರೂಪ) ರೂಪದ ಬೈನರಿ ಫೈಲ್. ಅದನ್ನು ಕೊಟ್ಟರೆ “ಈ ಫಾರ್ಮ್ಯಾಟ್ ಬೆಂಬಲಿಸುವುದಿಲ್ಲ” ಎಂದು ಹೇಳಿ ನಿಲ್ಲುತ್ತದೆ. ಅದೇ ಸೋರ್ಸ್, ಅದೇ ಫೈಲ್, ಹಳೆಯ ಯಂತ್ರದಲ್ಲಿ ಓದುತ್ತದೆ. ಬಿಲ್ಡ್‌ನಲ್ಲಿ ಒಂದೂ ಎರರ್ ಇಲ್ಲ, ಒಂದೂ ವಾರ್ನಿಂಗ್ ಇಲ್ಲ.

ತುಂಗಭದ್ರಾ

ಹಳೆಯ ಕಾನ್ಫಿಗ್.ಎಚ್ ಇಟ್ಟುಕೊಳ್ಳಿ ಎಂದದ್ದು ಇಂಥದ್ದಕ್ಕೇ. ಹೊಸದರ ಜೊತೆ ಡಿಫ್ ಮಾಡಿ:

ಡಿಫ್ ಹಳೆಯ/ಕಾನ್ಫಿಗ್.ಎಚ್ ಹೊಸ/ಕಾನ್ಫಿಗ್.ಎಚ್

ಹ್ಯಾವ್_ಆರ್‌ಪಿಸಿ_ಆರ್‌ಪಿಸಿ_ಎಚ್ ಅಥವಾ ಅಂಥದ್ದೊಂದು ಸಾಲು ಹಳೆಯದರಲ್ಲಿ 1 ಇದ್ದು, ಹೊಸದರಲ್ಲಿ ಅನ್‌ಡೆಫ್ ಆಗಿರಬೇಕು.

ಕಾನ್ಫಿಗರ್ ಮಾಡುವುದು ಇಷ್ಟೇ: ಚಿಕ್ಕ ಚಿಕ್ಕ ಸಿ ಪ್ರೋಗ್ರಾಂಗಳನ್ನು ಬರೆದು ಕಂಪೈಲ್ ಮಾಡಿ ನೋಡುತ್ತದೆ. ಆದರೆ “ಯೆಸ್”, ಆಗದಿದ್ದರೆ “ನೋ”. ಯಾಕೆ ಆಗಲಿಲ್ಲ ಎಂದು ಪರದೆಯ ಮೇಲೆ ಹೇಳುವುದಿಲ್ಲ, ಅದೆಲ್ಲ ಕಾನ್ಫಿಗ್.ಲಾಗ್‌ನಲ್ಲಿರುತ್ತದೆ: ಯಾವ ತುಣುಕು, ಯಾವ ಕಮ್ಯಾಂಡ್, ಕಂಪೈಲರ್ ಏನೆಂದಿತು, ಪೂರ್ತಿಯಾಗಿ. ಪರದೆಯ ಮೇಲೆ ಹರಿದುಹೋಗುವ ಸಾಲುಗಳ ನಡುವೆ ಒಂದು “ನೋ” ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರೋಗ್ರಾಂ ಆ ಭಾಗವನ್ನು ಬಿಟ್ಟು ಅಚ್ಚುಕಟ್ಟಾಗಿ ಬಿಲ್ಡ್ ಆಗಿಬಿಡುತ್ತದೆ. ಎರರ್ ಕೊಟ್ಟು ನಿಲ್ಲುವ ಬಿಲ್ಡ್‌ಗಿಂತ ಇದು ಅಪಾಯದ್ದು ಎಂದು ನನ್ನ ಅಭಿಪ್ರಾಯ.

ಜಿಸಿಸಿ 14 ಬಂದ ಮೇಲೆ ಇದು ಇನ್ನೂ ಹೆಚ್ಚಾಗಿದೆ. ಪರೀಕ್ಷೆಯ ತುಣುಕುಗಳೇ ಹಳೆಯ ಶೈಲಿಯಲ್ಲಿದ್ದರೆ, ಉದಾಹರಣೆಗೆ ಇಂಟ್ ಇಲ್ಲದ ಬರೀ ಮೇನ್(), ಲೈಬ್ರರಿ ಇದ್ದರೂ ಪರೀಕ್ಷೆ ಸೋಲುತ್ತದೆ, ಉತ್ತರ “ನೋ”.

ನಿಮ್ಮ ವಿಷಯದಲ್ಲಿ ಕಾರಣ ಬೇರೆ. ಬೇರೆ ಯಂತ್ರದ ಫಂಕ್ಷನ್ ಕರೆಯುವ ಸನ್ ಆರ್‌ಪಿಸಿ, ಅದರ ಜೊತೆಗಿದ್ದ ಎಕ್ಸ್‌ಡಿಆರ್, ಮೊದಲು ಜಿಲಿಬ್‌ಸಿಯೊಳಗೇ ಇತ್ತು. 2020ರಲ್ಲಿ ಬಂದ ಜಿಲಿಬ್‌ಸಿ 2.32ರಲ್ಲಿ ಅದರ ಹೆಡರ್‌ಗಳನ್ನು ತೆಗೆದರು. ಈಗ ಲಿಬ್‌ಟಿಐಆರ್‌ಪಿಸಿ ಎಂಬ ಬೇರೆ ಲೈಬ್ರರಿಯಲ್ಲಿ ಸಿಗುತ್ತದೆ. ಲಿಬ್‌ಟಿಐಆರ್‌ಪಿಸಿ-ಡೆವ್ ಪ್ಯಾಕೇಜ್ ಹಾಕಿಕೊಳ್ಳಿ. ಹೆಡರ್‌ಗಳು /ಯುಎಸ್‌ಆರ್/ಇನ್‌ಕ್ಲೂಡ್/ಟಿಐಆರ್‌ಪಿಸಿ ಒಳಗೆ ಕೂರುತ್ತವೆ, ಆದ್ದರಿಂದ ಪ್ಯಾಕೇಜ್ ಹಾಕಿದ ಮಾತ್ರಕ್ಕೆ ಕಾನ್ಫಿಗರ್‌ಗೆ ಸಿಗುವುದಿಲ್ಲ, ದಾರಿ ತೋರಿಸಬೇಕು.

ಮಳೆಲೆಕ್ಕ

ಡಿಫ್‌ನಲ್ಲಿ ಅದೇ ಸಾಲು ಸಿಕ್ಕಿತು. ಕಾನ್ಫಿಗ್.ಲಾಗ್‌ನಲ್ಲಿ “ಆರ್‌ಪಿಸಿ/ಆರ್‌ಪಿಸಿ.ಎಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ” ಎಂದೂ ಇದೆ. ಪ್ಯಾಕೇಜ್ ಹಾಕಿ, ಸಿಪಿಪಿಫ್ಲ್ಯಾಗ್ಸ್‌ನಲ್ಲಿ -ಐ ಕೊಟ್ಟು, ಎಲ್‌ಡಿಫ್ಲ್ಯಾಗ್ಸ್="-ಎಲ್‌ಟಿಐಆರ್‌ಪಿಸಿ" ಕೊಟ್ಟೆ. ಸರ್ವರ್‌ನಲ್ಲಿ ಬಿಲ್ಡ್ ಆಗಿ ಎಕ್ಸ್‌ಡಿಆರ್ ಫೈಲ್ ಓದುತ್ತಿದೆ. ಆದರೆ ಅದೇ ಕಮ್ಯಾಂಡನ್ನು ಸಹೋದ್ಯೋಗಿಯೊಬ್ಬರು ತಮ್ಮ ಉಬುಂಟು ಲ್ಯಾಪ್‌ಟಾಪ್‌ನಲ್ಲಿ ಕೊಟ್ಟರೆ “ಅನ್‌ಡಿಫೈನ್ಡ್ ರೆಫರೆನ್ಸ್ ಟು ಎಕ್ಸ್‌ಡಿಆರ್_ಡಬಲ್” ಬರುತ್ತಿದೆಯಂತೆ. ಲೈಬ್ರರಿ ಇದೆ, ಎರಡು ಸಲ ಖಾತ್ರಿ ಮಾಡಿಕೊಂಡಿದ್ದಾರೆ.

ಧಾರವಾಡಿ

ಲೈಬ್ರರಿ ಇದ್ರ ಸಾಲೂದಿಲ್ರಿ, ಸರತಿ ಸರಿ ಇರಬೇಕು. ಲಿಂಕರ್ ಎಡದಿಂದ ಬಲಕ್ಕ ಓದಕೋತ ಹೋಗತೈತಿ. ಎಲ್‌ಡಿಫ್ಲ್ಯಾಗ್ಸ್‌ನ್ಯಾಗ ಹಾಕಿದ್ದು .ಒ ಫೈಲ್‌ಗಳಿಗಿಂತ ಮೊದಲ ಬಂದು ಕುಂದ್ರತೈತಿ. ಆವಾಗ ಇನ್ನೂ ಯಾರೂ ಎಕ್ಸ್‌ಡಿಆರ್_ಡಬಲ್ ಕೇಳಿರೂದಿಲ್ಲ. ಉಬುಂಟುದಾಗ 11.10ರಿಂದ ಲಿಂಕರ್‌ಗೆ --ಆ್ಯಸ್-ನೀಡೆಡ್ ಡೀಫಾಲ್ಟ್ ಐತಿ, ಅಂದ್ರ ಆ ಹೊತ್ತಿಗೆ ಬೇಕಾಗದ ಲೈಬ್ರರಿ ಕೈಬಿಡತೈತಿ. ಮುಂದ .ಒ ಫೈಲ್ ಬಂದು ಕೇಳಿದಾಗ ಅದು ಇರೂದಿಲ್ಲ. ಡೆಬಿಯನ್‌ದಾಗ ಆ ಡೀಫಾಲ್ಟ್ ಇಲ್ಲ, ಅದಕ್ಕ ನಿಮ್ಮ ಸರ್ವರ್‌ನ್ಯಾಗ ನಡೀತು.

-ಎಲ್ ಅಂತ ಶುರು ಆಗೂ ಲೈಬ್ರರಿ ಹೆಸರು ಲಿಬ್ಸ್ ಒಳಗ ಹಾಕ್ರಿ, ಅದು ಕೊನೀಗೆ ಬರತೈತಿ. ದೊಡ್ಡ ಎಲ್, ಅಂದ್ರ ಲೈಬ್ರರಿ ಇರೂ ದಾರಿ ಹೇಳೂದು, ಅದಷ್ಟ ಎಲ್‌ಡಿಫ್ಲ್ಯಾಗ್ಸ್‌ಗೆ. ಕೈಲೆ ಬರೆಯೂದೂ ಬ್ಯಾಡ್ರಿ:

ಸಿಪಿಪಿಫ್ಲ್ಯಾಗ್ಸ್="$(ಪಿಕೆಜಿ-ಕಾನ್ಫಿಗ್ --ಸಿಫ್ಲ್ಯಾಗ್ಸ್ ಲಿಬ್‌ಟಿಐಆರ್‌ಪಿಸಿ)" ಲಿಬ್ಸ್="$(ಪಿಕೆಜಿ-ಕಾನ್ಫಿಗ್ --ಲಿಬ್ಸ್ ಲಿಬ್‌ಟಿಐಆರ್‌ಪಿಸಿ)" ./ಕಾನ್ಫಿಗರ್

ಮಳೆಲೆಕ್ಕ

ಉಬುಂಟುವಿನಲ್ಲೂ ಆಯಿತು.

ಕಡಲತೀರ

ಫ್ರೀಬಿಎಸ್‌ಡಿ ವರದಿ ಕೊಡ್ತೇನೆ. ಎಕ್ಸ್‌ಡಿಆರ್ ಇಲ್ಲಿ ಲಿಬ್‌ಸಿಯಲ್ಲೇ ಉಂಟು, ಬೇರೆ ಲೈಬ್ರರಿ ಬೇಡ. ಆದರೆ ಮೇಕ್ ಕೊಟ್ಟರೆ ಮೇಕ್‌ಫೈಲಿನಲ್ಲಿ ಕೈಯಲ್ಲಿ ಸೇರಿಸಿದ ಐಎಫ್‌ಇಕ್ಯೂ ಸಾಲು ಅದಕ್ಕೆ ಅರ್ಥ ಆಗುವುದಿಲ್ಲ. ಅದು ಗ್ನೂ ಮೇಕ್‌ನ ಭಾಷೆ. ಜಿಮೇಕ್ ಹಾಕಿ ಅದರಿಂದ ಕೊಟ್ಟೆ, ಆಯ್ತು.

ಆಮೇಲೆ ಮೆಮೊರಿ ತಪ್ಪು ಹಿಡಿಯುವ -ಎಫ್‌ಸ್ಯಾನಿಟೈಜ್=ಅಡ್ರೆಸ್ -ಜಿ ಹಾಕಿ ನಿಮ್ಮ ಮಾದರಿ ಫೈಲ್ ಓಡಿಸಿದೆ. ಫ್ಲೋ.ಸಿಯಲ್ಲಿ ಅಧಿಕ ವರ್ಷ ಬಂದಾಗ ಅರೇಯ ಹೊರಗೆ ಬರೀತದೆ. ಅರೇ 8760ಕ್ಕೆ ಮಾಡಿದ್ದು, ಅಧಿಕ ವರ್ಷಕ್ಕೆ 8784 ಗಂಟೆ. ಇದು ಕಂಪೈಲರ್ ಹೇಳುವ ವಿಷಯ ಅಲ್ಲ, ಓಡಿಸಿದರೆ ಮಾತ್ರ ಸಿಗ್ತದೆ. ಯಾವ ಸಾಲು ಅಂತ ಕೂಡ ತೋರಿಸ್ತದೆ, ಜಿಸಿಸಿಯಲ್ಲೂ ಇದೇ ಫ್ಲ್ಯಾಗ್.

ಮಳೆಲೆಕ್ಕ

ಅಧಿಕ ವರ್ಷದ ಡಿಸೆಂಬರ್ 31ರ ಲೆಕ್ಕ ನಮಗೆ ಯಾವಾಗಲೂ ವಿಚಿತ್ರವಾಗಿ ಬರುತ್ತಿತ್ತು. ಮಾಪಕದ ದೋಷ ಎಂದು ಟಿಪ್ಪಣಿ ಬರೆದಿಡುತ್ತಿದ್ದೆವು. ಅರೇ ದೊಡ್ಡದು ಮಾಡಿದೆ. ಹಳೆಯ ಅಧಿಕ ವರ್ಷಗಳ ಫಲಿತಾಂಶವನ್ನೆಲ್ಲ ಮತ್ತೆ ಲೆಕ್ಕ ಹಾಕಿಸಬೇಕು, ಅದು ವಿದ್ಯಾರ್ಥಿಗಳಿಗೆ ಒಳ್ಳೆಯ ಕೆಲಸ.

ಎಂಟನೇಸೆಮ್

ಸರ್ ಹೇಳಿದಂತೆ ಇದೇ ಪ್ರೋಗ್ರಾಂ ರಾಸ್ಪ್‌ಬೆರಿ ಪೈನಲ್ಲೂ ಬಿಲ್ಡ್ ಮಾಡಲು ಹೋದೆ. ಕಾನ್ಫಿಗರ್ ಶುರುವಿನಲ್ಲೇ “ಯುನೇಬಲ್ ಟು ಗೆಸ್ ಸಿಸ್ಟಂ ಟೈಪ್” ಎಂದು ನಿಂತಿತು. ಹುಡುಕಿ ನೋಡಿದಾಗ ಯಂತ್ರ ಯಾವುದೆಂದು ಗುರುತಿಸುವ, ಸೋರ್ಸ್ ಜೊತೆಗಿರುವ ಕಾನ್ಫಿಗ್.ಗೆಸ್ 2003ರದ್ದು, 64 ಬಿಟ್ ಆರ್ಮ್ ಆಗ ಇರಲೇ ಇಲ್ಲ ಎಂದು ತಿಳಿಯಿತು. ಆಟೋಟೂಲ್ಸ್-ಡೆವ್ ಪ್ಯಾಕೇಜ್ ಹಾಕಿ, /ಯುಎಸ್‌ಆರ್/ಶೇರ್/ಮಿಸ್ಕ್ ಒಳಗಿನ ಕಾನ್ಫಿಗ್.ಗೆಸ್ ಮತ್ತು ಕಾನ್ಫಿಗ್.ಸಬ್ ಎರಡನ್ನೂ ನಕಲು ಮಾಡಿದೆ, ಮುಂದೆ ಹೋಯಿತು.

ಈಗ ನನ್ನ ಪ್ರಶ್ನೆ. ಸರ್ವರ್ ಮತ್ತು ಪೈನ ಔಟ್‌ಪುಟ್ ಡಿಫ್ ಮಾಡಿದರೆ ಎಷ್ಟೋ ಸಾಲುಗಳಲ್ಲಿ ದಶಮಾಂಶದ ಕೊನೆಯ ಅಂಕಿ ಬೇರೆ. ಇಲ್ಲೂ ಎಲ್ಲೋ ಪ್ರೊಟೋಟೈಪ್ ಬಿಟ್ಟುಹೋಗಿರಬಹುದಾ?

ಧಾರವಾಡಿ

ಇಲ್ಲ ತಮ್ಮಾ, ಪ್ರೊಟೋಟೈಪ್ ಬಿಟ್ಟಿದ್ರ ಇಷ್ಟು ಸಣ್ಣ ವ್ಯತ್ಯಾಸ ಬರತಿರಲಿಲ್ಲ. ಗುಣಿಸಿ ಕೂಡಸೂದನ್ನ 64 ಬಿಟ್ ಆರ್ಮ್ ಒಂದ ಇನ್‌ಸ್ಟ್ರಕ್ಷನ್‌ದಾಗ ಮಾಡತೈತಿ, ನಡುವ ರೌಂಡ್ ಮಾಡೂದಿಲ್ಲ. ಸಾದಾ ಎಕ್ಸ್86-64 ಬಿಲ್ಡ್‌ನ್ಯಾಗ ಗುಣಾಕಾರ ಆದ ಮ್ಯಾಲ ಒಮ್ಮೆ, ಕೂಡಿಸಿದ ಮ್ಯಾಲ ಒಮ್ಮೆ, ಎರಡ ಸರ್ತಿ ರೌಂಡ್ ಆಗತೈತಿ. ಜಿಸಿಸಿ ಗ್ನೂ ಮೋಡ್‌ನ್ಯಾಗ ಇದ್ದಾಗ ಹಂಗ ಕೂಡಿಸಿಕೊಳ್ಳಾಕ ಒಪ್ಪಿಗಿ ಕೊಟ್ಟಿರತೈತಿ. ಎರಡೂ ಕಡೆ -ಎಫ್‌ಎಫ್‌ಪಿ-ಕಾಂಟ್ರ್ಯಾಕ್ಟ್=ಆಫ್ ಹಾಕಿ ಬಿಲ್ಡ್ ಮಾಡಿ ಮತ್ತ ಡಿಫ್ ಮಾಡು. ಸರ್ವರ್‌ನ್ಯಾಗ ಯಾರರ -ಎಂಆರ್ಚ್=ನೇಟಿವ್ ಹಾಕಿದ್ರ ಅಲ್ಲೂ ಇದ ವ್ಯತ್ಯಾಸ ಕಾಣತೈತಿ, ಅದಕ್ಕ ಈ ಫ್ಲ್ಯಾಗ್ ಮೇಕ್‌ಫೈಲಿನ್ಯಾಗ ಬರದಿಡ್ರಿ.

ಎಂಟನೇಸೆಮ್

ಎರಡೂ ಔಟ್‌ಪುಟ್ ಈಗ ಒಂದೇ. ಡಿಫ್ ಖಾಲಿ ಬಂತು.

ಬಯಲುಸೀಮೆ

ಕಾನ್ಫಿಗ್.ಎಚ್ ಡಿಫ್ ಮಾಡುವ ದಾರಿ ನನ್ನ ಕೆಲಸಕ್ಕೆ ನೇರವಾಗಿ ಬರುತ್ತದೆ. ಮುಂದಿನ ಸಲ ಸರ್ವರ್ ಬದಲಿಸುವ ಮುಂಚೆಯೇ ಎಲ್ಲ ಹಳೆಯ ಕಾನ್ಫಿಗ್.ಎಚ್ ತೆಗೆದಿಡುತ್ತೇನೆ.

ಮಳೆಲೆಕ್ಕ

ತಿದ್ದಿದ ಸೋರ್ಸನ್ನು ಗಿಟ್‌ಗೆ ಹಾಕಿದ್ದೇನೆ, ಪ್ರತಿ ತಿದ್ದುಪಡಿಗೂ ಬೇರೆ ಕಮಿಟ್. ಕೆಲವು ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಜಿಸಿಸಿ 11, 13 ಇವೆ. ಅವರು ಹೊಸ ಫೈಲ್ ಸೇರಿಸುವಾಗ ಪ್ರೊಟೋಟೈಪ್ ಮರೆತರೆ ಅವರಿಗೆ ಬರೀ ವಾರ್ನಿಂಗ್ ಬರುತ್ತದಲ್ಲವೇ?

ತುಂಗಭದ್ರಾ

ಹೌದು, ಬರೀ ವಾರ್ನಿಂಗ್. ಮೇಕ್‌ಫೈಲಿನ ಸಿಫ್ಲ್ಯಾಗ್ಸ್‌ನಲ್ಲಿ -ವಾಲ್ -ವೆರರ್=ಇಂಪ್ಲಿಸಿಟ್-ಫಂಕ್ಷನ್-ಡಿಕ್ಲರೇಶನ್ -ವೆರರ್=ಇಂಟ್-ಟು-ಪಾಯಿಂಟರ್-ಕಾಸ್ಟ್ ಹಾಕಿಬಿಡಿ, ಹಳೆಯ ಜಿಸಿಸಿಯೂ ಅಲ್ಲೇ ನಿಲ್ಲುತ್ತದೆ. ಕಾನ್ಫಿಗರ್‌ಗೆ ಸಿಫ್ಲ್ಯಾಗ್ಸ್ ಮೂಲಕ ಇದನ್ನು ಕೊಡಲೇಬೇಡಿ. ಕೊಟ್ಟರೆ ಅದರ ಪರೀಕ್ಷೆಯ ತುಣುಕುಗಳೂ ಅದೇ ಕಟ್ಟುನಿಟ್ಟಿಗೆ ಸಿಕ್ಕಿ ಸೋತು, ಮತ್ತೆ ಎಲ್ಲೋ ಒಂದು ಸುಳ್ಳು “ನೋ” ಸೇರಿಕೊಳ್ಳುತ್ತದೆ.